ಕಾಣದ ಮರದ ಋಣ

ದೇವಋಣ, ಋಷಿಋಣ, ಪಿತೃಋಣಗಳೆಂದು ಮನುಷ್ಯನಿಗೆ ಮೂರು ಋಣಗಳುಂಟೆಂಬುದನ್ನು ವಾಚಕರು ಬಲ್ಲರಷ್ಟೆ. ನಮ್ಮ ಕುಟುಂಬಕ್ಕೆ ನಾಲ್ಕನೆಯದೊಂದು ಒದಗಿರುವುದು. ಅದು ನಾವು ಎಂದೂ ಕಣ್ಣಾರೆ ಕಾಣದ ಮರವೊಂದರ ಋಣ.

ನಮ್ಮ ತಂಗಿಗೆ ಸ್ತನದ ಅರ್ಬುದರೋಗವುಂಟಾದಾಗ ವೈದ್ಯರು ಕೊಟ್ಟ ಔಷಧಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬುದೂ ಒಂದು. ಆಕೆ ಗುಣಹೊಂದಿ, ಈಗ ಮೊಮ್ಮಗನಿಗೆ ಅಕ್ಷರ ಕಲಿಸುತ್ತಿರುವಳು. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳೆಯುವ ಯೂ ಎಂಬ ಮರದ ತೊಗಟೆಯಲ್ಲಿ ಆ ವಸ್ತುವನ್ನು ಕಂಡು, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರಲ್ಲಿ ಭಾರತದಲ್ಲಿ ಜನಿಸಿದ ಮನ್ಸುಖ್ ವಾನಿಯವರೂ ಒಬ್ಬರು. 1992ರಲ್ಲಿ ಅದು ಔಷಧವಾಗಿ ಅಂಗೀಕೃತವಾಯಿತು.

ಈ ಯೂ ಕುಲದ ಮರ ನಮ್ಮ ಹಿಮಾಲಯದಲ್ಲಿಯೂ ಉಂಟು. ಗಢವಾಲದವರು ಅದನ್ನು ಥುನೇರ್ ಎನ್ನುವರು. ವೈದ್ಯಗ್ರಂಥಗಳ ಸ್ಥೌಣೇಯಕವು ಇದೇ ಎಂದು ಹಲವು ಪಂಡಿತರ ಮತ. ಎರಡು ಮೂರು ಸಾವಿರ ಮೀಟರು ಎತ್ತರದ ತಂಪಾದ ಕಾಡುಗಳಲ್ಲಿ, ಹಿರಿಯ ಮರಗಳ ನೆರಳಿನಲ್ಲಿ ಅದರ ವಾಸ. ದೇವದಾರುವಿನಂತೆ ಸೂಚಿಪರ್ಣಿಯಾದರೂ ಅದಕ್ಕೆ ಶಂಕುವಿನಾಕಾರದ ಕಾಯಿಯಿಲ್ಲ; ಕೆಂಪು ತಿರುಳಿನ ಬಟ್ಟಲಿನಲ್ಲಿ ಒಂದೊಂದೇ ಬೀಜ. ಆ ತಿರುಳೊಂದನ್ನುಳಿದು ಎಲೆ, ಬೀಜಗಳೆಲ್ಲ ವಿಷ. ಹಕ್ಕಿಗಳು ತಿರುಳನ್ನು ತಿಂದು ಬೀಜವನ್ನು ಹರಡುವುವು. ಬೆಳವಣಿಗೆಯೋ ಬಹು ನಿಧಾನ. ಅಜ್ಜನು ಕಡಿದುದನ್ನು ಮೊಮ್ಮಗನೂ ತುಂಬಿಕೊಡಲಾರನು.

ಕಸ್ತೂರಿಯೇ ಮೃಗಕ್ಕೆ ಮೃತ್ಯುವಾದಂತೆ ಈ ಮರಕ್ಕೆ ಅದರ ಗುಣವೇ ಕುತ್ತಾಯಿತು. ಔಷಧದ ಕೀರ್ತಿ ಹಬ್ಬಿದೊಡನೆ ಎಲೆ ತೊಗಟೆಗಳನ್ನು ಮಿತಿಯಿಲ್ಲದೆ ಸಂಗ್ರಹಿಸಿದರು. ಕಾಂಡದ ಸುತ್ತ ತೊಗಟೆ ಸುಲಿದರೆ ಮರ ಸಾಯುವುದು. ಎಲೆಯನ್ನು ಹಿತಮಿತವಾಗಿ ಕೊಯ್ದರೆ ಮರಳಿ ಚಿಗುರುವುದು. ಇಂದು ಅಳಿವಿನ ಭಯವಿರುವ ಜಾತಿಗಳಲ್ಲಿ ಇದನ್ನೂ ಎಣಿಸಿರುವರು. 1995ರಿಂದ ಇದರ ವಿದೇಶ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿರುವುದು. ಈಗ ತೋಟದಲ್ಲಿ ಬೆಳೆಸಿದ ಗಿಡಗಳ ಎಲೆಯಿಂದಲೂ, ಪಾತ್ರೆಗಳಲ್ಲಿ ಬೆಳೆಸಿದ ಸಸ್ಯಕೋಶಗಳಿಂದಲೂ ಈ ಔಷಧವನ್ನು ತಯಾರಿಸಬಹುದಾದ್ದರಿಂದ, ಕಾಡಿನ ಮರವನ್ನು ಕೊಲ್ಲುವುದಕ್ಕೆ ನೆಪವೂ ಉಳಿದಿಲ್ಲ.

ಬಯಲುನಾಡಿನ ಗೃಹಸ್ಥರಾದ ನಮ್ಮಿಂದೇನಾದೀತು? ಕೆಮ್ಮಿಗೆ ತಾಲೀಸಾದಿ ಚೂರ್ಣವನ್ನು ಬಳಸುವ ಮನೆಗಳು ನಮ್ಮಲ್ಲಿ ಅನೇಕ. ತಾಲೀಸಪತ್ರವೆಂಬ ಒಂದೇ ಹೆಸರಿನಲ್ಲಿ ಪೇಟೆಯಲ್ಲಿ ಬೇರೆ ಬೇರೆ ಮರಗಳ ಎಲೆ ಮಾರಾಟವಾಗುವುದುಂಟು. ಈ ವಿಷದೆಲೆಯೂ ಅವುಗಳಲ್ಲೊಂದು. ಆದುದರಿಂದ ಯಾವ ಎಲೆಯೆಂದು ಕೇಳಿ, ಬಲ್ಲ ವೈದ್ಯರಿಗೆ ತೋರಿಸಿ ಕೊಳ್ಳುವುದು ಲೇಸು. ಮನೆಯವರ ದೇಹಕ್ಕೂ ದೂರದ ಮರಕ್ಕೂ ಇದರಿಂದ ಕ್ಷೇಮ. ಋಣದಲ್ಲಿ ಇಷ್ಟಾದರೂ ಸಂದೀತು.