ನ ಇದ್ದಲ್ಲೆಲ್ಲ ಪೌಂಡಿನ ಗುರುತು

ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಹೋಗುವುದೆಂದರೆ ಬಾಡಿಗೆ ಮನೆ ಬದಲಿಸಿದ ಹಾಗೆ. ಸಾಮಾನೆಲ್ಲ ನಮ್ಮದೇ, ಆದರೂ ಸ್ವಿಚ್ ಎಲ್ಲಿದೆಯೆಂದು ಕೈ ಒಂದು ವಾರ ಗೋಡೆ ತಡವುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡೆ. ದುಡ್ಡು ಕೇಳದ ಲಿನಕ್ಸ್ ಅದು.

ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಇಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಅಣ್ಣತಮ್ಮಂದಿರ ಪಾಲು ಇಲ್ಲ. ಎಲ್ಲ ಫೋಲ್ಡರುಗಳೂ ಒಂದೇ ಬೇರಿನಿಂದ ಕವಲೊಡೆಯುತ್ತವೆ. ಕನ್ನಡಕ್ಕೆ ಸಿಗುವ ಫಾಂಟುಗಳ ಹೆಸರು ಗುಬ್ಬಿ, ನವಿಲು. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇತ್ತು. ಬೆರಳುಗಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ.

ಐದನೆಯ ದಿನ ಅಮ್ಮನ ಹಾಡುಗಳ ಫೈಲು ತೆರೆದೆ.

ಅಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಬೀಸುಕಲ್ಲಿನ ಪದಗಳು ಮಾತ್ರ ಬೇಕಾದಷ್ಟು ಬರುತ್ತಿದ್ದವು. 2003ರಲ್ಲಿ ಅವಳು ಹೇಳುತ್ತಾ ಹೋದಂತೆ ನಲವತ್ತೊಂದು ಹಾಡುಗಳನ್ನು ಟೈಪ್ ಮಾಡಿಟ್ಟಿದ್ದೆ. ಅವಳ ದನಿ ಎಲ್ಲೂ ರೆಕಾರ್ಡ್ ಆಗಿಲ್ಲ. ಉಳಿದಿರುವುದು ಈ ಫೈಲೊಂದೇ. ಈಗ ಪರದೆಯ ತುಂಬ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀರು ಹೊತ್ತ ಎ. ನ ಇದ್ದಲ್ಲೆಲ್ಲ ಪೌಂಡಿನ ಗುರುತು. ಅಮ್ಮನ ಬಾಯಿಗೆ ಯಾರೋ ಪರದೇಶದ ನಾಣ್ಯ ತುರುಕಿದ ಹಾಗಿತ್ತು.

ಫೈಲು ಕೆಟ್ಟಿರಲಿಲ್ಲ. ಆ ಕಾಲದ ನಮ್ಮ ಬಹುಪಾಲು ಕನ್ನಡ ಟೈಪಿಂಗ್ ನಡೆಯುತ್ತಿದ್ದದ್ದೇ ಹಾಗೆ. ಕಂಪ್ಯೂಟರಿನೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಅದರ ಮೇಲೆ ಕ, ನ, ಕೊಂಬು, ದೀರ್ಘಗಳ ಚಿತ್ರ ಹೊದಿಸುತ್ತಿದ್ದದ್ದು ಫಾಂಟು. ಹೊಸ ಮನೆಯಲ್ಲಿ ಆ ಫಾಂಟು ಇರಲಿಲ್ಲ, ಹೊದಿಕೆ ಜಾರಿತು. ಕನ್ನಡಕ್ಕೆ ಸ್ವಂತ ಸಂಕೇತ ಕೊಟ್ಟ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರಬಿಟ್ಟ ವರ್ಷದಲ್ಲೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡಿನ ತುಂಗಾ ಫಾಂಟೂ ಇತ್ತು. ಆದರೂ ಅಚ್ಚುಮನೆ, ಕಚೇರಿಗಳಲ್ಲಿ ಹಳೆಯ ಫಾಂಟುಗಳೇ ಬಹಳ ಕಾಲ ನಡೆದವು.

ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಮಾಡಿಟ್ಟಿದ್ದಾರೆ. ಅಂಥದ್ದೊಂದಕ್ಕೆ ಹಾಡುಗಳನ್ನು ಕೊಟ್ಟೆ. ಎರಡು ಕ್ಷಣದಲ್ಲಿ ಅಮ್ಮ ಕನ್ನಡಕ್ಕೆ ಮರಳಿದಳು. ಕೆಲವು ಕಡೆ ಮಾತ್ರ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಂಡು ಪದ ಗೊಂದಲವಾಗಿತ್ತು. ಅದು ಏಕೆ ಹಾಗೆಂದು ನೋಡಹೊರಟಾಗಲೇ ಈ ಎಲ್ಲ ಬದಲಾವಣೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಸಿಕ್ಕಿದ್ದು.

'ಸೂರ್ಯ' ಎಂದು ಬರೆಯುವಾಗ ನಾವು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಹಳೆಯ ಫಾಂಟು ಅದನ್ನು ಹಾಗೆಯೇ, ಕಣ್ಣಿಗೆ ಕಂಡ ಕ್ರಮದಲ್ಲಿ ಇಟ್ಟುಕೊಳ್ಳುತ್ತಿತ್ತು. ಯೂನಿಕೋಡು ಮೊದಲು ರ, ಆಮೇಲೆ ಯ ಎಂದು ಇಟ್ಟುಕೊಳ್ಳುತ್ತದೆ, ನಾಲಿಗೆ ನುಡಿಯುವ ಕ್ರಮದಲ್ಲಿ. ಅಕ್ಷರವನ್ನೇ ಕಾಣದ ಅಮ್ಮ ಹಾಡಿದ ಪದಗಳು ಇಷ್ಟು ವರ್ಷ ಚಿತ್ರವಾಗಿ ಕುಳಿತಿದ್ದವು. ಈಗ ಅವಳು ನುಡಿದಂತೆಯೇ ಕೂತಿವೆ. 'ರಾಗಿ' ಎಂದು ಹುಡುಕಿದರೆ ರಾಗಿ ಬರುವ ಸಾಲುಗಳೆಲ್ಲ ಒಂದರ ಹಿಂದೊಂದು ಬರುತ್ತವೆ.

ಏಳು ಪದಗಳು ಮಾತ್ರ ನನ್ನಿಂದ ಬಗೆಹರಿಯಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಒಂದೊಂದೇ ಸಾಲು ಓದಿದೆ.

"ಹಂಗೆ ಓದಿದ್ರೆ ನಂಗೇನ್ ಗೊತ್ತಾಗ್ತದೆ? ಹಾಡು," ಅಂದರು.

ನನಗೆ ಹಾಡಲು ಬರುವುದಿಲ್ಲ. ಆದರೂ ಶುರು ಮಾಡಿದೆ. ಎರಡನೆಯ ಸಾಲಿಗೆ ಅವರು ನನ್ನ ಕೈಯಿಂದ ಹಾಡು ಕಿತ್ತುಕೊಂಡರು. ನಾನು ಸುಮ್ಮನೆ ಕೇಳುತ್ತಾ, ತಪ್ಪಿದ್ದ ಪದ ಬಂದಾಗಲೆಲ್ಲ ತಿದ್ದುತ್ತಾ ಹೋದೆ. ಈ ಸಲ ಫೋನಿನ ರೆಕಾರ್ಡರನ್ನೂ ಒತ್ತಿಟ್ಟಿದ್ದೆ.