ಟ್ರಿನಿಡಾಡಿಗೆ ಹೋಗುವವರಿಗೆ ನಾಲ್ಕು ಮಾತು

ಬಾಂಬೆ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್, ಕಲ್ಕತ್ತಾ ಸ್ಟ್ರೀಟ್, ಡೆಲ್ಲಿ ಸ್ಟ್ರೀಟ್ – ಈ ನಾಲ್ಕೂ ಒಂದೇ ಬಡಾವಣೆಯಲ್ಲಿರುವ ಊರು ಯಾವುದು ಹೇಳಿ ನೋಡೋಣ. ನಮ್ಮ ದೇಶದಲ್ಲಂತೂ ಅಲ್ಲ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನಿನಲ್ಲಿ ಸೇಂಟ್ ಜೇಮ್ಸ್ ಎಂಬ ಬಡಾವಣೆಯಿದೆ. ಮುಂಬಯಿಯವರಾದ ನಾವು ಅಲ್ಲಿನ ಬಾಂಬೆ ಸ್ಟ್ರೀಟಿನ ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಬಂದೆವು. ಆ ಫೋಟೋವನ್ನು ಸಂಘದ ಗೆಳೆಯರಿಗೆ ತೋರಿಸಿದ್ದೇ ತಪ್ಪಾಯಿತು. "ಹೋಗಿ ಬಂದದ್ದು ಸರಿ, ಹೋಗುವವರಿಗೆ ಉಪಯೋಗವಾಗುವ ಹಾಗೆ ಬರೆದುಕೊಡಿ" ಎಂದು ಪಟ್ಟು ಹಿಡಿದರು. ಆದ್ದರಿಂದ ಈ ನಾಲ್ಕು ಮಾತು.

ನಾವು ಹೋದದ್ದಕ್ಕೆ ಕಾರಣ ನಮ್ಮ ಸೋದರಳಿಯ. ಅವನಿಗೆ ಅಲ್ಲಿನ ಪಾಯಿಂಟ್ ಲಿಸಾಸ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. "ಅತ್ತೆ, ಮಾವ, ಕಾಲು ಗಟ್ಟಿಯಿರುವಾಗಲೇ ಬಂದುಬಿಡಿ" ಎಂದು ಮೂರು ವರ್ಷದಿಂದ ಕರೆಯುತ್ತಿದ್ದ. ನಮ್ಮಿಬ್ಬರಲ್ಲಿ ಒಬ್ಬರಿಗೆ ಕ್ರಿಕೆಟಿನ ಹುಚ್ಚು. ಸೀರೆಯುಡುವ ಇನ್ನೊಬ್ಬರಿಗೆ ಕಂಡವರನ್ನೆಲ್ಲ "ನಿಮ್ಮ ಊರು ಯಾವುದು?" ಎಂದು ಕೇಳುವ ಹುಚ್ಚು. ಎರಡು ಹುಚ್ಚಿಗೂ ಆ ದ್ವೀಪದಲ್ಲಿ ಮದ್ದಿದೆಯೆಂದು ಆಗ ತಿಳಿದಿರಲಿಲ್ಲ.

ಮೊದಲನೆಯ ಮಾತು ಟಿಕೆಟಿನದು. ಪ್ರವಾಸಕ್ಕೆ ಹೋಗುವ ಭಾರತೀಯರಿಗೆ 90 ದಿನಗಳವರೆಗೆ ಟ್ರಿನಿಡಾಡಿನ ವೀಸಾ ಬೇಕಿಲ್ಲ. ಇದನ್ನು ಕೇಳಿದೊಡನೆ ನಾವು ಹಿಗ್ಗಿಬಿಟ್ಟೆವು. ಆದರೆ ಅಲ್ಲಿಗೆ ಇಲ್ಲಿಂದ ನೇರ ವಿಮಾನವಿಲ್ಲ. ನಡುವೆ ಎಲ್ಲಾದರೂ ಇಳಿದು ಹತ್ತಬೇಕು. ನಮಗೆ ಟಿಕೆಟು ಮಾಡಿಸಿಕೊಟ್ಟ ಏಜೆಂಟರು ಅಮೆರಿಕದ ಮೇಲಿನ ದಾರಿಯನ್ನು ಆರಿಸಿ, "ಬರೇ ವಿಮಾನ ಬದಲಿಸುವುದು ತಾನೇ, ಅದಕ್ಕೆ ವೀಸಾ ಯಾಕೆ?" ಎಂದಿದ್ದರು. ಹೊರಡಲು ಹತ್ತು ದಿನವಿರುವಾಗ ಅಳಿಯನ ಕಣ್ಣಿಗೆ ಅದು ಬಿತ್ತು. ಅಮೆರಿಕದಲ್ಲಿ ಎರಡೇ ಗಂಟೆ ವಿಮಾನ ನಿಲ್ದಾಣದೊಳಗೆ ಕುಳಿತಿದ್ದರೂ ಭಾರತೀಯರಿಗೆ ವೀಸಾ ಬೇಕು. ಲಂಡನ್ನಿನಲ್ಲಿ ವಿಮಾನ ಬದಲಿಸುವುದಕ್ಕೂ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಪಡೆಯಬೇಕು. ಆ ಟಿಕೆಟು ರದ್ದು ಮಾಡಿಸಿ, ದುಡ್ಡು ಕಳೆದುಕೊಂಡು, ತಿಂಗಳು ತಡವಾಗಿ ಲಂಡನ್ನಿನ ಮೇಲೆ ಹೋದೆವು. ಆದ್ದರಿಂದ ಮುಟ್ಟುವ ಊರಿನ ನಿಯಮವನ್ನಷ್ಟೇ ಅಲ್ಲ, ನಡುವೆ ಇಳಿಯುವ ಊರಿನ ನಿಯಮವನ್ನೂ ದೂತಾವಾಸದಲ್ಲಿ ಕೇಳಿಕೊಂಡು, ಆಮೇಲೆ ದುಡ್ಡು ಕಟ್ಟಿ.

ಎರಡನೆಯದು ಸೂಜಿಯ ಮಾತು. ಟ್ರಿನಿಡಾಡಿನಿಂದ ಹಿಂತಿರುಗುವವರಿಂದ ನಮ್ಮ ಸರಕಾರವೇ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಆ ಹಳದಿ ಪುಸ್ತಿಕೆ ಕೈಯಲ್ಲಿಲ್ಲದಿದ್ದರೆ ಇಲ್ಲಿ ಇಳಿದ ಮೇಲೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮನೆ ಕಣ್ಣಳತೆಯಲ್ಲಿದ್ದೂ ಸೇರಲಾಗದ ಪಾಡು! ಸರಕಾರದ ಮನ್ನಣೆಯಿರುವ ಕೇಂದ್ರದಲ್ಲಿ ಚುಚ್ಚಿಸಿಕೊಂಡ 10 ದಿನಗಳ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವಮಾನಕ್ಕೆಲ್ಲ ಅದೇ ಸಾಕು. ಆದರೆ 60 ದಾಟಿದವರಿಗೆ ಈ ಲಸಿಕೆಯನ್ನು ವೈದ್ಯರು ಯೋಚಿಸಿಯೇ ಕೊಡುತ್ತಾರೆ. ನಮ್ಮಂಥವರು ಮನೆಯ ಡಾಕ್ಟರನ್ನು ಮೊದಲು ಕಾಣುವುದು ಒಳ್ಳೆಯದು.

ಇನ್ನು ಗಂಟುಮೂಟೆ. ಅಲ್ಲಿನ ವಿದ್ಯುತ್ತು 115 ವೋಲ್ಟಿನದು, ಪ್ಲಗ್ಗಿಗೆ ಅಮೆರಿಕದಂತೆ ಚಪ್ಪಟೆ ಕಾಲು. ನಾವು ಹೊತ್ತುಕೊಂಡು ಹೋದ ಮಿಕ್ಸರ್ ಅಳಿಯನ ಅಟ್ಟ ಸೇರಿತು. ಮೊಮ್ಮಕ್ಕಳನ್ನು ಕರೆದೊಯ್ಯುವವರು ಸೈನಿಕರ ಮಚ್ಚೆಮಚ್ಚೆ ಬಟ್ಟೆಯ ಷರ್ಟು ಚಡ್ಡಿಗಳನ್ನು ಇಲ್ಲೇ ಬಿಟ್ಟುಹೋಗಿ. ಆ ಬಟ್ಟೆಯನ್ನು ಸಾರ್ವಜನಿಕರು ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಸೊಳ್ಳೆಗೆ ಹಚ್ಚುವ ಮುಲಾಮು, ಹತ್ತಿಯ ಬಟ್ಟೆ, ಒಂದು ಕೊಡೆ ಇರಲಿ. ಜನವರಿಯಿಂದ ಮೇ ತನಕ ಒಣ ಹವೆ, ಜೂನಿನಿಂದ ಡಿಸೆಂಬರ್ ತನಕ ಮಳೆ. ಕಾರ್ನಿವಲ್ ಹಬ್ಬ ನೋಡಲೇಬೇಕೆನ್ನುವವರು ತಿಂಗಳುಗಳ ಮೊದಲೇ ಕೋಣೆ ಹಿಡಿಯಬೇಕು. ನಮ್ಮಂತೆ ಗದ್ದಲ ಬೇಡದವರು ಅದು ಮುಗಿದ ಮೇಲೆ ಹೋಗುವುದು ವಾಸಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ.

ಪಿಯಾರ್ಕೋ ವಿಮಾನ ನಿಲ್ದಾಣದಲ್ಲಿ ಇಳಿದ ರಾತ್ರಿ ಎಲ್ಲರೂ ನಮ್ಮನ್ನು ಕಂಡೊಡನೆ "ಗುಡ್ ನೈಟ್" ಎನ್ನತೊಡಗಿದರು. ಬಂದವರನ್ನು ಬಾಗಿಲಲ್ಲೇ ಕಳುಹಿಸುತ್ತಾರಲ್ಲ ಎಂದು ಪೆಚ್ಚಾದೆವು. ಕತ್ತಲಾದ ಮೇಲೆ ಅದೇ ಅಲ್ಲಿನ ನಮಸ್ಕಾರವಂತೆ! ಅಂಗಡಿಗೇ ಹೋಗಿ, ಬಾಡಿಗೆ ವಾಹನವನ್ನೇ ಹತ್ತಿ, ಮೊದಲು ಹೊತ್ತಿಗೆ ತಕ್ಕ ವಂದನೆ, ಆಮೇಲೆ ವ್ಯವಹಾರ. ನೇರವಾಗಿ "ಇದಕ್ಕೆಷ್ಟು?" ಎಂದು ಕೇಳುವ ನಮ್ಮ ಮುಂಬಯಿಯ ಅವಸರ ಅಲ್ಲಿ ಒರಟುತನವಾಗಿ ಕಾಣುತ್ತದೆ.

ಓಡಾಟಕ್ಕೆ ಮ್ಯಾಕ್ಸಿ ಟ್ಯಾಕ್ಸಿಗಳಿವೆ. ಇವು ಬಿಳಿಯ ವ್ಯಾನುಗಳು, ಮೈಮೇಲೊಂದು ಬಣ್ಣದ ಪಟ್ಟಿ. ಪೋರ್ಟ್ ಆಫ್ ಸ್ಪೇನಿನ ಸುತ್ತಮುತ್ತ ಹಳದಿ, ಪೂರ್ವಕ್ಕೆ ಅರಿಮಾದ ಕಡೆಗೆ ಕೆಂಪು, ದಕ್ಷಿಣಕ್ಕೆ ಚಗುವಾನಸ್, ಸ್ಯಾನ್ ಫರ್ನಾಂಡೋಗಳಿಗೆ ಹಸುರು. ಊರಾಚೆಗೆ ಹೋಗುವವು ಸಿಟಿ ಗೇಟ್ ಎಂಬಲ್ಲಿಂದ ಹೊರಡುತ್ತವೆ. ಅದು ಹಿಂದೆ ರೈಲು ನಿಲ್ದಾಣವಾಗಿತ್ತು; ಈಗ ದ್ವೀಪದಲ್ಲಿ ರೈಲಿಲ್ಲ. ಬಾಡಿಗೆ ಕಾರಿನ ನಂಬರು 'ಎಚ್' ಅಕ್ಷರದಿಂದ ಆರಂಭವಾಗಬೇಕು. 'ಪಿ' ಎಂದಿರುವ ಖಾಸಗಿ ಕಾರುಗಳೂ ಜನರನ್ನು ಹತ್ತಿಸಿಕೊಳ್ಳುತ್ತವೆ. ಹೊಸಬರು ಅವನ್ನು ಹತ್ತಬಾರದು. ರಾಜಧಾನಿಗೂ ಸ್ಯಾನ್ ಫರ್ನಾಂಡೋಗೂ ನಡುವೆ 2008ರಿಂದ ದೋಣಿಯ ಸೌಕರ್ಯವೂ ಇದೆ. ಎಡಗಡೆ ಸಮುದ್ರ, ಬಲಗಡೆ ಸಮುದ್ರ, ಟ್ರಾಫಿಕ್ಕಿನ ಕಾಟವಿಲ್ಲ!

ಭಯದ ವಿಷಯವನ್ನೂ ಮುಚ್ಚಿಡಬಾರದು. ಕೊಲೆ, ಸುಲಿಗೆಗಳು ಹೆಚ್ಚಿ ಅಲ್ಲಿನ ಸರಕಾರ 2024ರ ಡಿಸೆಂಬರಿನಲ್ಲೊಮ್ಮೆ, 2025ರ ಜುಲೈಯಲ್ಲೊಮ್ಮೆ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ನಾವು ಪಾಲಿಸಿದ ನೇಮ ಇಷ್ಟೇ: ಬಂಗಾರದ ಬಳೆ ಸರಗಳು ಮುಂಬಯಿಯ ಲಾಕರಿನಲ್ಲಿ, ಮಂಗಳಸೂತ್ರ ಸೆರಗಿನೊಳಗೆ. ಪೇಟೆಯ ಕಛೇರಿಗಳು ಮುಚ್ಚಿ ಬೀದಿ ಬರಿದಾಗುವ ಮೊದಲೇ ಮನೆಗೆ. ಕತ್ತಲಲ್ಲಿ ಕಾಲ್ನಡಿಗೆ ಬೇಡ. ಹೋಗಬಾರದ ಓಣಿ ಯಾವುದೆಂದು ಊರಿನವರನ್ನೇ ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತಾರೆ.

ಸಸ್ಯಾಹಾರಿಗಳಿಗೆ ಟ್ರಿನಿಡಾಡಿನಷ್ಟು ಸುಖದ ಪರದೇಶ ಕಡಮೆ. ಬೆಳಿಗ್ಗೆ ಬೀದಿ ಬದಿಯಲ್ಲಿ 'ಡಬಲ್ಸ್' ಸಿಗುತ್ತದೆ. ಎರಡು ಮೆತ್ತನೆಯ ಬರಾಗಳ ನಡುವೆ ಕಡಲೆಯ ಪಲ್ಯ, ಹುಣಿಸೆ ಚಟ್ನಿ, ಮೆಣಸಿನ ಗೊಜ್ಜು. ಆ ಮೆಣಸು ಬ್ಯಾಡಗಿಯ ತಂಗಿಯಲ್ಲ, ಅದರ ಅತ್ತೆ! "ಸ್ಲೈಟ್ ಪೆಪ್ಪರ್" ಎಂದು ಮೊದಲೇ ಹೇಳಿಬಿಡಿ. ಬೇಳೆ ತುಂಬಿದ ದಾಲ್‌ಪುರಿ ಉಂಟು. ಫುಲೌರಿ ಎಂಬುದು ನೋಟಕ್ಕೆ ನಮ್ಮ ಗೋಳಿಬಜೆ. ಕುರ್ಮಾ ಎಂದರೆ ಸಾಗು ಅಲ್ಲ, ಶಂಕರಪೋಳಿಯಂಥ ಸಿಹಿ. ಆದರೆ ಸೊಪ್ಪಿನ ಸಾರಿನಂತಿರುವ ಕಲಾಲೂ ಕೊಂಡರೆ ಎಚ್ಚರ, ಅದರಲ್ಲಿ ಏಡಿ ಅಥವಾ ಮಾಂಸ ಸೇರಿರುವುದುಂಟು.

ನೋಡಬೇಕಾದ್ದರಲ್ಲಿ ಕ್ರಿಕೆಟ್ ಹುಚ್ಚಿನವರಿಗೆ ಮೊದಲನೆಯದು ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್. 1976ರ ಏಪ್ರಿಲಿನಲ್ಲಿ ಭಾರತ ನಾಲ್ಕನೆಯ ಇನ್ನಿಂಗ್ಸಿನಲ್ಲಿ 4 ವಿಕೆಟಿಗೆ 406 ಹೊಡೆದು ಗೆದ್ದದ್ದು ಇಲ್ಲೇ. ಚಂದ್ರಶೇಖರ್ ಮೊದಲ ಇನ್ನಿಂಗ್ಸಿನಲ್ಲಿ 6 ವಿಕೆಟ್ ತೆಗೆದರು, ವಿಶ್ವನಾಥ್ 112 ಹೊಡೆದರು, ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ಉಳಿದರು. ಮೂವರೂ ಕರ್ನಾಟಕದವರು! ಖಾಲಿ ಮೈದಾನದ ಅಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತೆವು. ಹಿಂದೆ ಗುಡ್ಡಗಳ ಸಾಲು ಹಸುರಾಗಿತ್ತು.

ಚಗುವಾನಸ್ ಹೊರವಲಯದಿಂದ ದಕ್ಷಿಣಕ್ಕೆ ಹೋದರೆ ಅಂಗಳಗಳಲ್ಲಿ ಬಿದಿರಿನ ತುದಿಗೆ ಕಟ್ಟಿದ ಬಣ್ಣದ ಬಾವುಟಗಳು ಕಾಣತೊಡಗುತ್ತವೆ. ಅವು ಪೂಜೆ ನಡೆದ ಮನೆಗಳು. ಕ್ಯಾರಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತನಿದ್ದಾನೆ. ಅದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ ಕೇಂದ್ರ. ಅಲ್ಲಿಂದ ಅನತಿದೂರದ ವಾಟರ್‌ಲೂ ಎಂಬಲ್ಲಿ ಸಮುದ್ರದೊಳಗೊಂದು ದೇವಾಲಯ. ಶಿವದಾಸ ಸಾಧು ಎಂಬ ಕೂಲಿಯವರು 1947ರಲ್ಲಿ ಸಕ್ಕರೆ ಕಂಪನಿಯೊಂದರ ನೆಲದಲ್ಲಿ ಗುಡಿ ಕಟ್ಟಿದರು. 1952ರಲ್ಲಿ ಅದನ್ನು ಕೆಡವಿದ್ದಲ್ಲದೆ ಅವರನ್ನು ಸೆರೆಮನೆಗೂ ಕಳಿಸಿದರು. ನೆಲಕ್ಕೆ ಒಡೆಯರಿದ್ದರೆ ನೀರಿಗೆ ಯಾರು ಎಂದುಕೊಂಡು, ಸೈಕಲಿನ ಮೇಲೆ ಕಲ್ಲು, ಸಿಮೆಂಟು ಸಾಗಿಸಿ, ವರ್ಷಾನುಗಟ್ಟಲೆ ದುಡಿದು ಕಡಲಲ್ಲೇ ಗುಡಿ ಎಬ್ಬಿಸಿದರು. ಈಗಿನ ಕಟ್ಟಡ 1995ರದು. ಅಲೆಯೇ ಪಾದ ತೊಳೆಯುವ ಜಾಗ, ಸಂಜೆಯ ಬಿಸಿಲಲ್ಲಿ ನೋಡಬೇಕು.

ಈಗ ಕೊನೆಯ ಮಾತು, ಕೇಳಬಾರದ ಪ್ರಶ್ನೆಯದು.

ಆ ದಿನ ಮಧ್ಯಾಹ್ನ ಚಗುವಾನಸಿನ ಸಣ್ಣ ರೊಟ್ಟಿ ಅಂಗಡಿಯೊಂದರಲ್ಲಿ ಸಹೀನಾ ಕೊಂಡೆವು. ಕೆಸುವಿನ ಜಾತಿಯ ಎಲೆಗೆ ಬೇಳೆಹಿಟ್ಟು ಬಳಿದು ಸುತ್ತಿ ಕರಿದ ತಿಂಡಿ. ಕರಾವಳಿಯವರಾದ ನಮಗೆ ಅದು ಪತ್ರೊಡೆಯ ತಮ್ಮನೇ. ಅಂಗಡಿಯ ಮುದುಕಿಗೆ ನಮ್ಮದೇ ಬಣ್ಣ, ನಮ್ಮೂರಿನ ದೊಡ್ಡಮ್ಮನ ಮುಖ. ನಮ್ಮಲ್ಲಿ ಸೀರೆಯುಟ್ಟವರಿಗೆ ತಡೆಯಲಾಗಲಿಲ್ಲ.

"ನಿಮ್ಮ ಊರು ಯಾವುದಮ್ಮ?"

"ಚಗುವಾನಸ್."

"ಅದಕ್ಕೆ ಮೊದಲು?"

"ಕೂವಾ. ಇಲ್ಲೇ, ಆಚೆಯ ಊರು."

"ಅದಕ್ಕೂ ಮೊದಲು? ಇಂಡಿಯಾದಲ್ಲಿ?"

ಆಕೆ ಕೈ ಒರೆಸಿಕೊಂಡು ನಮ್ಮನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ನಮ್ಮ ಆಜಿಯ ಅಮ್ಮ ಹಡಗಿನಿಂದ ಇಳಿದವಳು. ಊರಿನ ಹೆಸರು ಕೇಳಿದ ಗುಮಾಸ್ತನಿಗೆ ಹೇಗೆ ಕೇಳಿಸಿತೋ ಹಾಗೆ ಬರೆದ. ಮಗ ಆ ಹೆಸರನ್ನು ನಕ್ಷೆಯಲ್ಲೆಲ್ಲ ಹುಡುಕಿದ. ಅಂಥ ಊರೇ ಇಲ್ಲ" ಎಂದರು.

1845ರ ಮೇ 30ರಂದು ಮೊದಲ ಹಡಗು ಬಂದಾಗಿನಿಂದ 1917ರ ವರೆಗೆ 1,40,000ಕ್ಕೂ ಹೆಚ್ಚು ಮಂದಿ ಕಬ್ಬಿನ ಗದ್ದೆಯ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದರೆಂದು ನಾವು ಓದಿದ್ದೆವು. ಹೆಚ್ಚಿನವರು ಭೋಜಪುರಿ ಸೀಮೆಯವರು, ಕಲ್ಕತ್ತೆಯಿಂದ ಹಡಗು ಹತ್ತಿದವರು. ಮದ್ರಾಸಿನಿಂದಲೂ ಕೆಲವರು ಹೋದರು. ಈಗ ಅವರ ಮನೆಮಾತು ಇಂಗ್ಲಿಷು. ಇಷ್ಟೆಲ್ಲ ಓದಿಯೂ ಆ ಪ್ರಶ್ನೆ ಯಾರಿಗೆ ಎಲ್ಲಿ ತಗಲುತ್ತದೆಂದು ಹೊಳೆದಿರಲಿಲ್ಲ.

ಆಮೇಲೆ ಆಕೆಯೇ ಕೇಳಿದರು. "ನಿಮ್ಮ ಊರು?"

"ಮುಂಬಯಿ."

"ಅದಕ್ಕೆ ಮೊದಲು?"

"ಕುಂದಾಪುರದ ಹತ್ತಿರ ಒಂದು ಹಳ್ಳಿ."

"ಅಲ್ಲಿ ಯಾರಿದ್ದಾರೆ?"

ನಾವು ಮುಖ ಮುಖ ನೋಡಿಕೊಂಡೆವು. ಯಾರೂ ಇಲ್ಲ. ಹಿತ್ತಲು, ಬಾವಿ, ಮನೆ ಎಲ್ಲವನ್ನೂ ಹದಿನಾರು ವರ್ಷದ ಹಿಂದೆ ಮಾರಿ ಡೊಂಬಿವಿಲಿಯ ಫ್ಲಾಟಿಗೆ ಹಾಕಿದ್ದೇವೆ.

"ಮೊಮ್ಮಕ್ಕಳು ನಿಮ್ಮ ಭಾಷೆ ಮಾತಾಡುತ್ತಾರಾ?"

"ಮೊಮ್ಮಗಳೊಬ್ಬಳಿದ್ದಾಳೆ. ಅಜ್ಜಿ ಅನ್ನುತ್ತಾಳೆ" ಎಂದೆವು. ಉಳಿದದ್ದೆಲ್ಲ ಅವಳಿಗೆ ಹಿಂದಿ, ಇಂಗ್ಲಿಷು.

ಆಕೆಯ ಮುಖ ಅರಳಿತು. "ನಿಮ್ಮಲ್ಲೂ ಆಜಿಯೇ? ನಮ್ಮಲ್ಲೂ ಅದೊಂದು ಉಳಿದಿದೆ" ಎಂದು ಇನ್ನೆರಡು ಸಹೀನಾ ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ದಾರಿಯುದ್ದಕ್ಕೂ ಅಳಿಯನೇ ಮಾತಾಡುತ್ತಿದ್ದ. ನಾವು ಹೂಂಗುಟ್ಟುತ್ತಿದ್ದೆವು. ಅವರ ಹಿರಿಯರನ್ನು ಕಬ್ಬಿನ ಕರಾರು ಸಾಗಿಸಿತು, ವಾಪಸು ಬರಲಾರದಷ್ಟು ದೂರ. ನಮ್ಮನ್ನು ಯಾರೂ ಸಾಗಿಸಲಿಲ್ಲ. ಊರಿಗೆ ಒಂದು ರಾತ್ರಿಯ ಪ್ರಯಾಣ. ಆದರೂ ಮೂರನೆಯ ತಲೆಗೆ ಇಬ್ಬರಲ್ಲೂ ಉಳಿದದ್ದು ಒಂದೇ ಶಬ್ದ ಎಂದರೆ ಅದಕ್ಕೆ ಯಾವ ಗುಮಾಸ್ತನನ್ನು ದೂರೋಣ?

ಆದ್ದರಿಂದ ಹೋಗುವವರಿಗೆ ನಮ್ಮ ಸಲಹೆ. ಅಲ್ಲಿ ಯಾರನ್ನೂ ಊರು, ಜಾತಿ, ಮೂಲ ಎಂದು ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ. ಅವರು ಕಳೆದುಹೋದ ನಮ್ಮವರಲ್ಲ. ತಮ್ಮ ಊರಿನಲ್ಲಿ ಗಟ್ಟಿಯಾಗಿ ನೆಲೆಸಿದವರು. ಪಾಸ್‌ಪೋರ್ಟಿನ ನಂಬರು, ಅಳಿಯನ ವಿಳಾಸ, ಔಷಧಿಗಳ ಹೆಸರು ಬರೆದುಕೊಳ್ಳಲು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುತ್ತೀರಲ್ಲ, ಅದರ ಕೊನೆಯ ಹಾಳೆಯಲ್ಲಿ ನಿಮ್ಮ ಹಳ್ಳಿಯ ಹೆಸರು, ತಾಲೂಕು, ಅಜ್ಜ ಅಜ್ಜಿಯರ ಹೆಸರು, ಮನೆಯ ಪಕ್ಕದ ಹೊಳೆಯ ಹೆಸರು ಬರೆದಿಡಿ. ಪ್ರಯಾಣಕ್ಕೆ ಅದು ಬೇಕಾಗುವುದಿಲ್ಲ. ಬಂದ ಮೇಲೆ ಮೊಮ್ಮಕ್ಕಳ ಕೈಗೆ ಕೊಡುವುದಕ್ಕೆ.

ನಾವು ಹಿಂತಿರುಗುವ ವಿಮಾನದಲ್ಲಿ ಕುಳಿತು ಬರೆದೆವು. ಮೊಮ್ಮಗಳಿಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, "ಅಜ್ಜೀ, ಇದನ್ನು ಓದೋದು ಹೇಗೆ?" ಎಂದು ಹಿಂದಿಯಲ್ಲಿ ಕೇಳಿದಳು. ಈಗ ಭಾನುವಾರ ಭಾನುವಾರ ಸ್ಲೇಟು ಹಿಡಿದು ಕೂರಿಸುತ್ತಿದ್ದೇವೆ. ಕಾಗುಣಿತದವರೆಗೆ ಬಂದಿದ್ದಾಳೆ.