ಹಳೆಯ ಜೈಲಿನ ಇಟ್ಟಿಗೆ

ನನ್ನ ಮಗ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಮೂರು ತಿಂಗಳು ಅವನ ಮನೆಯಲ್ಲಿದ್ದೆ. ಒಂದು ರಜೆಯ ದಿನ ಅವನೂ ಹತ್ತು ವರ್ಷದ ಮೊಮ್ಮಗನೂ ಸೇರಿ ನನ್ನನ್ನು ‘ಕಾನ್‌ಸ್ಟಿಟ್ಯೂಷನ್ ಹಿಲ್’ಗೆ ಕರೆದುಕೊಂಡು ಹೋದರು. ಜೈಲು ನೋಡಲು ಸಮುದ್ರ ದಾಟಿ ಬರಬೇಕಿತ್ತೇ ಎಂದು ಗೊಣಗುತ್ತಲೇ ಹೊರಟೆ.

ಆ ಗುಡ್ಡದ ಮೇಲೆ 1890ರ ದಶಕದಲ್ಲಿ ಕಟ್ಟಿದ ಜೈಲಿದೆ. ಅದರ ಸುತ್ತ ಕೋಟೆ. ಕಪ್ಪು ಜನರನ್ನು ತುಂಬುತ್ತಿದ್ದ ಭಾಗಕ್ಕೆ ‘ನಂಬರ್ ಫೋರ್’ ಎಂದು ಹೆಸರು. ಅಲ್ಲಿ ಕೈದಿಗಳಿಗೆ ಊಟ ಬಡಿಸುವಾಗಲೂ ಮೈಬಣ್ಣ ನೋಡುತ್ತಿದ್ದರು. ಭಾರತೀಯರ ಮೇಲೆ ಹೇರಿದ ನೋಂದಣಿ ಕಾಯ್ದೆಯನ್ನು ಧಿಕ್ಕರಿಸಿ ಗಾಂಧೀಜಿ 1908ರಲ್ಲಿ ಇಲ್ಲಿ ಸೆರೆಯಲ್ಲಿದ್ದರು. 1962ರಲ್ಲಿ ನೆಲ್ಸನ್ ಮಂಡೇಲಾ ಅವರನ್ನೂ ಇಲ್ಲಿಟ್ಟಿದ್ದರು. 1983ರಲ್ಲಿ ಜೈಲು ಮುಚ್ಚಿ, ಕಟ್ಟಡಗಳು ಪಾಳುಬಿದ್ದವು.

ವರ್ಣಭೇದ ನೀತಿ ಹೋಗಿ ಹೊಸ ಸಂವಿಧಾನ ಬಂದಾಗ, ಅದನ್ನು ಕಾಯುವ ನ್ಯಾಯಾಲಯಕ್ಕೆ ಈ ಜೈಲಿನ ಜಾಗವನ್ನೇ ಆರಿಸಿದರು. ವಿಚಾರಣೆಗೆ ಕಾಯುವವರನ್ನು ಕೂಡಿಹಾಕುತ್ತಿದ್ದ ಕಟ್ಟಡವನ್ನು ಕೆಡವಿ, ಅದರ ಮೆಟ್ಟಿಲು ಗೋಪುರಗಳನ್ನು ಮಾತ್ರ ಉಳಿಸಿದರು. ಕೆಡವಿದ ಇಟ್ಟಿಗೆಗಳನ್ನು ಹೊಸ ನ್ಯಾಯಾಲಯದ ಗೋಡೆಗೆ ಬಳಸಿದರು. 2004ರ ಮಾರ್ಚ್ 21ರಂದು ಅದರ ಉದ್ಘಾಟನೆಯಾಯಿತು. ನಂಬರ್ ಫೋರ್ ಮತ್ತು ಹೆಂಗಸರ ಜೈಲು ಈಗ ವಸ್ತುಸಂಗ್ರಹಾಲಯಗಳು.

ನ್ಯಾಯಾಲಯದ ಮೊಗಸಾಲೆಯ ಕಂಬಗಳು ಮರದ ಬೊಡ್ಡೆಗಳಂತೆ ವಾಲಿಕೊಂಡಿವೆ. ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದ ಅಲ್ಲಿನ ಹಳೆಯ ಪದ್ಧತಿಯ ನೆನಪಿಗಂತೆ. ನನಗೆ ನಮ್ಮೂರ ಅರಳಿಕಟ್ಟೆ ನೆನಪಾಯಿತು.

ಮೊಮ್ಮಗ ಇಟ್ಟಿಗೆ ಗೋಡೆ ಮುಟ್ಟಿ ಕೇಳಿದ: “ತಾತ, ಕೆಟ್ಟ ಜೈಲಿನ ಇಟ್ಟಿಗೆ ಯಾಕೆ? ಹೊಸದು ತರಬಹುದಿತ್ತಲ್ಲ?”

“ನಡೆದದ್ದು ಮರೆಯಬಾರದು ಅಂತ.”

“ಒಳಗಿದ್ದವರಿಗೆ ಹೇಗೂ ಮರೆಯೋಕೆ ಆಗಲ್ಲ. ಕೂಡಿಹಾಕಿದವರು ತಾನೇ ಮರೆಯೋದು?”

ನನಗೆ ಮಾತು ಹೊರಡಲಿಲ್ಲ.

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಜೀವನವಿಡೀ ನೋಟು ಎಣಿಸಿದವನು. ನನ್ನ ಮಗನಿಗೂ ಹತ್ತು ವರ್ಷವಾಗಿದ್ದಾಗ ಮನೆಯ ಬೀರುವಿನಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಬಂತು. ಅವನೇ ತೆಗೆದಿದ್ದಾನೆಂದು ಕತ್ತಲೆಯ ಉಗ್ರಾಣದಲ್ಲಿ ಕೂಡಿಹಾಕಿ ಚಿಲಕ ಹಾಕಿದೆ. ಅವನು ಏನೋ ಹೇಳಲು ಬಂದ, ನಾನು ಕೇಳಲಿಲ್ಲ. ರಾತ್ರಿ ಆ ನೋಟು ನನ್ನ ಅಂಗಿಯ ಒಳಜೇಬಿನಲ್ಲೇ ಸಿಕ್ಕಿತು. ಬಾಗಿಲು ತೆಗೆದೆ. ನೋಟು ಸಿಕ್ಕಿದ ವಿಷಯ ಮಾತ್ರ ಹೇಳಲಿಲ್ಲ. ಮಾರನೆಯ ದಿನ ಮೈಸೂರುಪಾಕು ತಂದುಕೊಟ್ಟೆ, ಅಷ್ಟೆ. ಮುಂದೆ ಮನೆ ಕೆಡವಿ ಕಟ್ಟಿಸಿದಾಗ ಉಗ್ರಾಣವೂ ಹೋಯಿತು. ಲೆಕ್ಕ ಚುಕ್ತಾ ಆಯಿತು ಅಂದುಕೊಂಡಿದ್ದೆ.

ಆ ಗೋಡೆಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ, ಮೊಮ್ಮಗನ ಎದುರಿಗೇ. “ತಪ್ಪು ನನ್ನದು ಕಣಪ್ಪ” ಎಂದೆ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ನಾನು ತೆಗೆದಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತಲ್ಲ ಅಪ್ಪ. ಅದು ನಿಮಗೆ ಗೊತ್ತಾಯಿತಾ ಇಲ್ಲವಾ ಅನ್ನೋದು ಮಾತ್ರ ಇಷ್ಟು ವರ್ಷ ಗೊತ್ತಿರಲಿಲ್ಲ.”

ಮೊಮ್ಮಗ ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡಿದ. “ಉಗ್ರಾಣದಲ್ಲಿ ಜಿರಳೆ ಇತ್ತಾ ಅಪ್ಪ?” ಎಂದ. “ಇತ್ತು ಕಣೋ, ಬೇಕಾದಷ್ಟು” ಎಂದು ಮಗ ನಕ್ಕ. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ನನ್ನ ವಯಸ್ಸಿನ ಅಜ್ಜಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಉಗ್ರಾಣ ಇದ್ದಿರಬಹುದು. ಅದರ ಮೇಲೆ ಗಾರೆ ಬಳಿಯುವುದು ಸುಲಭ. ಇಟ್ಟಿಗೆ ಕಾಣುವಂತೆ ಬಿಟ್ಟು ಕಟ್ಟುವುದು ಕಷ್ಟ. ಒಂದು ದೇಶ ಅದನ್ನು ಮಾಡಿ ತೋರಿಸಿದೆ. ನಮ್ಮದು ಒಂದು ಮನೆ, ಅಷ್ಟೇ ತಾನೆ?